ಗಡಿಗೆಪ್ಪನ ಅಡಿಗಲ್ಲಿನ ವಿಷಯವಾಗಿ

ದಿಲ್ಲಿಯ ಶಾಸನಸಭೆಯಲ್ಲಿ ದೇಶೀಯ ಉಕ್ಕಿನ ಪರವಾಗಿ ಎದ್ದುನಿಂತ ಮಾನ್ಯ ಸದಸ್ಯರೇ,

ಕಳೆದ ಮಾರ್ಚ್ ತಿಂಗಳಲ್ಲಿ ನೀವು ಸಭೆಯ ಮುಂದೆ ಕೈಯೆತ್ತಿ ತೋರಿಸಿದ ಕುಡುಗೋಲನ್ನು ಮಾಡಿದವನು ಜುಲೈ ತಿಂಗಳಲ್ಲಿ ರಾಯಚೂರಿನ ಜೈಲು ಸೇರಿದ. ಅವನನ್ನು ಅಲ್ಲಿಗೆ ಕಳಿಸಿದ್ದು ಬೇರೇನೂ ಅಲ್ಲ, ಅದೇ ಭಾಷಣದಲ್ಲಿ ನೀವು ‘ಇನ್ನಷ್ಟು ಬಿಗಿಯಾಗಬೇಕು’ ಎಂದು ಬೆಂಬಲಿಸಿದ ಕಬ್ಬಿಣದ ನಿಯಂತ್ರಣ. ಅವನ ಅಜ್ಜನ ಕಾಲದಿಂದ ಆ ಮನೆಯಲ್ಲಿದ್ದ ಅಡಿಗಲ್ಲನ್ನು ಸರಕಾರ ಜಫ್ತಿ ಮಾಡಿ, ಮುರುಕು ಕಬ್ಬಿಣದ ರಾಶಿಯೊಂದಿಗೆ ರೈಲಿಗೆ ಹಾಕಿ, ಕರಗಿಸಲು ಕಳಿಸಿಬಿಟ್ಟಿದೆ. ಅಡಿಗಲ್ಲು ಎಂದರೆ ಹೆಸರಿಗೆ ಮಾತ್ರ ಕಲ್ಲು. ಕಾಸಿದ ಕಬ್ಬಿಣವನ್ನು ಇಟ್ಟು ಬಡಿಯುವ ಉಕ್ಕಿನ ದಿಮ್ಮಿ ಅದು. ಅದಿಲ್ಲದ ಕಮ್ಮಾರ ಕಮ್ಮಾರನಲ್ಲ. ಇಷ್ಟೇ ನನ್ನ ದೂರು. ಮುಂದಿನದೆಲ್ಲ ಇದು ಹೇಗಾಯಿತು ಎಂಬ ವಿವರ, ಮತ್ತು ಇದರಲ್ಲಿ ನನ್ನ ಪಾಲೆಷ್ಟು ಎಂಬ ತಪ್ಪೊಪ್ಪಿಗೆ.

ನಾನು ದೇವದುರ್ಗದ ಹೆಣ್ಣುಮಕ್ಕಳ ಶಾಲೆಯ ಉಪಾಧ್ಯಾಯಿನಿ. ತವರು ಮಾನ್ವಿ. ನಿಮ್ಮನ್ನು ಆರಿಸಿ ಕಳಿಸಿದವರಲ್ಲಿ ನಾನಿಲ್ಲ. ನಮ್ಮ ಸೀಮೆಯವರು ಯಾರೂ ಇಲ್ಲ. ನೀವು ಹೊಳೆಯಾಚೆಯ ಪ್ರಾಂತದವರು. ಆದರೂ ನಿಜಾಮರ ಆಳಿಕೆ ಮುಗಿದ ನಾಲ್ಕು ತಿಂಗಳಿಗೆ, ಹೊಸದಾಗಿ ಸೇರಿದ ಈ ನಾಡನ್ನು ಕಣ್ಣಾರೆ ನೋಡಬೇಕೆಂದು ನೀವೇ ಬಂದಿರಿ. ಸಂಕ್ರಾಂತಿ ಕಳೆದು ವಾರವಾಗಿತ್ತು. ನಮ್ಮ ಮಕ್ಕಳಿಂದ ಹಾಡು ಹೇಳಿಸಿಕೊಂಡಿರಿ. ಶಾಲೆಯ ಗೋಡೆಗೆ ಹತ್ತಿಯೇ ಇರುವ ಕುಲುಮೆಯಿಂದ ಸುತ್ತಿಗೆಯ ಸದ್ದು ಕೇಳಿ, “ಅಲ್ಲಿ ಯಾರು?” ಎಂದು ವಿಚಾರಿಸಿದಿರಿ. ನಿಮ್ಮನ್ನು ಅಲ್ಲಿಗೆ ಕರೆದುಕೊಂಡು ಹೋದವಳು ನಾನೇ.

ಗಡಿಗೆಪ್ಪ ನಿಮಗೆ ನೆನಪಿರಬಹುದು. ಐವತ್ತರ ಮನುಷ್ಯ, ಎಡ ಹುಬ್ಬಿನ ಮೇಲೆ ಕಿಡಿ ಸಿಡಿದ ಕಲೆ. ತಿದಿ ಒತ್ತಿ ಬೆಂಕಿಗೆ ಗಾಳಿ ಹಾಕುತ್ತಿದ್ದವಳು ಅವನ ಹೆಂಡತಿ ಕಾಳಮ್ಮ. ನೀವು ಬೇವಿನ ಮರದ ಕೆಳಗೆ, ಅವರು ಹಾಸಿದ ಗೋಣಿಯ ಮೇಲೆ, ಯಾವ ಬಿಗುಮಾನವೂ ಇಲ್ಲದೆ ಕೂತಿರಿ. ಅದು ನಮಗೆಲ್ಲ ಬಹಳ ಹಿಡಿಸಿತು. ಅವನು ಆಗಷ್ಟೇ ಹಿಡಿ ಕೂಡಿಸಿದ್ದ ಕುಡುಗೋಲನ್ನು ಒರೆಸಿ ನಿಮ್ಮ ಕೈಗೆ ಕೊಟ್ಟ. ನೀವು ಅದರ ಅಲಗನ್ನು ಉಗುರಿನ ಮೇಲೆ ಎಳೆದು ನೋಡಿದಿರಿ.

“ಇದು ಎಲ್ಲಿ ಕಬ್ಬಿಣೋ?”

“ಮುರುದ ಗಾಡಿ ಹಳೀದರಿ ಯಪ್ಪಾ. ಹೊಸಾ ಕಬ್ಬಿಣ ಕಣ್ಣೀಲೆ ನೋಡಿ ವರ್ಷದ ಮ್ಯಾಲಾತ್ರಿ. ರಾಯಚೂರಾಗ ಕೇಳಿದ್ರ ಪರ್ಮಿಟ್ ತಾ ಅಂತಾರ. ಪರ್ಮಿಟ್ ಕೇಳಿದ್ರ ನೀ ಯಾರು ಅಂತಾರ.”

“ಅರ್ಜಿ ಹಾಕು. ನಾ ನೋಡ್ತೀನಿ.”

ಅರ್ಜಿಯನ್ನು ಅವತ್ತೇ, ನಿಮ್ಮೆದುರಿಗೇ, ನನ್ನ ಮೇಜಿನ ಮೇಲೆ ನಾನು ಬರೆದೆ. ಹೆಬ್ಬೆಟ್ಟು ಒತ್ತುವ ಮುನ್ನ ಗಡಿಗೆಪ್ಪ ಕೈ ತೊಳೆದುಕೊಂಡು ಬಂದ. ಅದರ ಒಂದು ನಕಲನ್ನು ನೀವು ನಿಮ್ಮ ಕೋಟಿನ ಜೇಬಿನಲ್ಲಿ ಇಟ್ಟುಕೊಂಡಿರಿ. ಕುಡುಗೋಲನ್ನೂ ಕೇಳಿ ಪಡೆದಿರಿ. ಅವನು ಸಂತೋಷದಿಂದಲೇ ಕೊಟ್ಟ.

ಮಾರ್ಚ್ ಕೊನೆಗೆ ಪತ್ರಿಕೆ ಬಂತು. ನಿಮ್ಮ ಭಾಷಣ ಎರಡು ಅಂಕಣ ತುಂಬ ಅಚ್ಚಾಗಿತ್ತು. ನಮ್ಮ ದೇಶದ ಉಕ್ಕಿನ ಕಾರಖಾನೆಗಳಿಗೆ ಸರಕಾರ ಆಸರೆಯಾಗಬೇಕು, ಪರದೇಶದ ಉಕ್ಕಿಗೆ ಹತ್ತು ವರ್ಷ ಸುಂಕದ ಗೋಡೆ ಕಟ್ಟಬೇಕು, ಇರುವ ಕಬ್ಬಿಣದ ಒಂದು ಮೊಳೆಯೂ ಪರವಾನಗಿಯಿಲ್ಲದವರ ಕೈಗೆ ಹೋಗಬಾರದು ಎಂದಿದ್ದಿರಿ. ನಂತರ ಕುಡುಗೋಲನ್ನು ಎತ್ತಿ ತೋರಿಸಿ, “ಹೈದರಾಬಾದಿನ ಸೀಮೆಯ ಒಬ್ಬ ಕಮ್ಮಾರ ಇದನ್ನು ಮುರಿದ ಗಾಡಿಯ ಕಬ್ಬಿಣದಿಂದ ಮಾಡಿದ್ದಾನೆ. ಇಂಥ ಕೈಗಳಿಗೆ ದೇಶದ ಉಕ್ಕು ಸಿಕ್ಕರೆ ಏನು ತಾನೆ ಆಗದು?” ಎಂದಾಗ ಸಭೆ ಚಪ್ಪಾಳೆ ತಟ್ಟಿತಂತೆ. ನಾನು ಆ ಪತ್ರಿಕೆಯನ್ನು ಕುಲುಮೆಗೆ ಒಯ್ದು ಓದಿದೆ. ಗಡಿಗೆಪ್ಪ ಚಪ್ಪಾಳೆಯ ಮಾತನ್ನು ಎರಡು ಸಲ ಓದಿಸಿಕೊಂಡ.

ಕಾಳಮ್ಮ ಕೇಳಿದಳು: “ಇವ್ರ ಹೆಸರು ಹೇಳ್ಯಾರೇನ್ರಿ ಅಕ್ಕೋರ?”

“ಹೆಸರು ಇಲ್ಲವ್ವಾ. ಒಬ್ಬ ಕಮ್ಮಾರ ಅಂದಾರ.”

“ಒಬ್ಬ ಅಂದ್ರ ನಾನ ಅಲ್ಲೇನಬೇ?” ಎಂದು ಅವನು ಹೆಂಡತಿಗೆ ಹೇಳಿ ನಕ್ಕ. ನಾನು ಅವನನ್ನು ಹನ್ನೊಂದು ವರ್ಷ ಕಂಡಿದ್ದೇನೆ. ಅಷ್ಟು ಅಗಲವಾಗಿ ನಕ್ಕದ್ದು ಅವತ್ತೊಂದೇ ದಿನ.

ಮಾನ್ಯರೇ, ಇಲ್ಲಿ ಒಂದು ಮಾತು ಸ್ಪಷ್ಟವಾಗಲಿ. ದೇಶೀಯ ಉಕ್ಕಿಗೆ ನಾನು ವಿರೋಧಿಯಲ್ಲ. ಪರದೇಶದ ಮೊಳೆ, ಚಿಲಕ, ಕತ್ತರಿಗಳು ರಾಯಚೂರಿನ ಬಜಾರಿಗೆ ಬಂದು ಎಷ್ಟು ಕುಲುಮೆಗಳ ಬೆಂಕಿ ಆರಿಸಿವೆ ಎಂಬುದನ್ನು ಮಾನ್ವಿಯಲ್ಲಿ ಚಿಕ್ಕಂದಿನಿಂದ ನೋಡಿದವಳು ನಾನು. ನಮ್ಮ ಬೀದಿಯ ಮೂರು ಕುಲುಮೆಗಳಲ್ಲಿ ಒಂದೂ ಉಳಿಯಲಿಲ್ಲ. ಆದ್ದರಿಂದ ನಿಮ್ಮ ಭಾಷಣ ಓದುವಾಗ ನಾನೂ ಮನಸ್ಸಿನಲ್ಲೇ ಚಪ್ಪಾಳೆ ತಟ್ಟಿದ್ದೆ. ನನಗೆ ತಿಳಿಯದ್ದು ಇಷ್ಟೆ. ಉಕ್ಕಿನ ಉದ್ಯಮ ಎಂದು ನೀವು ಹೇಳಿದಾಗ ನಿಮ್ಮ ಕಣ್ಣೆದುರು ಇದ್ದದ್ದು ಯಾರು? ಎತ್ತರದ ಹೊಗೆಗೂಡು ಮಾತ್ರವೋ? ಕೈಗಾರಿಕೆ ಎಂಬ ಪದದಲ್ಲಿ ಕೈ ಎಂಬುದೊಂದು ಇದೆಯಲ್ಲ, ಅದನ್ನು ಭಾಷಣಕ್ಕೆ ಬಳಸಿಕೊಂಡಿರಿ, ಕಾನೂನಿಗೆ ಬೇಡವಾಯಿತೇ?

ಅರ್ಜಿಗೆ ಉತ್ತರ ಬಂದದ್ದು ಮೇ ತಿಂಗಳಲ್ಲಿ. ಸರಬರಾಯಿ ಕಚೇರಿಯ ಆ ಕಾಗದ ನನ್ನಲ್ಲಿದೆ. ಕಾರಖಾನೆಗಳಿಗೆ, ಕಟ್ಟಡದ ಗುತ್ತೇದಾರರಿಗೆ, ಸರಕಾರಿ ಇಲಾಖೆಗಳಿಗೆ ಕಬ್ಬಿಣದ ಪಾಲು ಗೊತ್ತುಮಾಡಲಾಗಿದೆ. ಕಮ್ಮಾರರು ಎಂಬ ವರ್ಗ ಯಾದಿಯಲ್ಲಿ ಇಲ್ಲವಾದ್ದರಿಂದ ಅರ್ಜಿಯನ್ನು ಪರಿಶೀಲಿಸಲು ಬರುವುದಿಲ್ಲ. ತಿರಸ್ಕರಿಸಲಾಗಿದೆ ಎಂದು ಬರೆದಿದ್ದರೆ ಅವನು ಇದ್ದಾನೆ ಎಂದಾದರೂ ಆಗುತ್ತಿತ್ತು. ಕಾಗದವನ್ನು ಓದಿ ಹೇಳಿದಾಗ ಗಡಿಗೆಪ್ಪ, “ಹಂಗಾರ ಇಷ್ಟು ವರ್ಷ ನಾ ಏನ್ ಮಾಡಾಕತ್ತಿದ್ದೆರಿ ಅಕ್ಕೋರ?” ಎಂದು ಕೇಳಿದ. ನಾನು ನಿಮಗೆ ಒಂದು ಕಾಗದ ಬರೆದೆ. ಆಮೇಲೆ ಇನ್ನೊಂದು.

ಆ ಬೇಸಗೆಯಲ್ಲೇ ಶಾಲೆಯ ಬಾವಿಯ ರಾಟೆ ಕಳಚಿಬಿತ್ತು. ಅದರ ಅಚ್ಚು ಸವೆದು ಬಹಳ ದಿನವಾಗಿತ್ತು. ನೀರು ಸೇದುತ್ತಿದ್ದವಳು ಕುಬ್ರಾ ಬೇಗಂ, ನಮ್ಮ ಶಾಲೆಯ ಆಯಾ. ರಾಟೆ ಅವಳ ಬಲಗೈ ಮೇಲೆ ಬಿದ್ದು ಮಣಿಕಟ್ಟು ಮುರಿಯಿತು. ರಜೆ ಕೊಡುತ್ತೇನೆಂದರೆ ಅವಳು ಒಪ್ಪಲಿಲ್ಲ. “ನಾ ಮನೀಗೆ ಹೋದ್ರ ಈ ಪೋರಿಗಳಿಗೆ ನೀರು ಯಾರು ಕೊಡ್ತಾರಮ್ಮಾ? ಪ್ಯಾಸ್ ಆಗಿ ಸಾಯ್ತಾವು,” ಎಂದು ಕೈಗೆ ಬಿದಿರಿನ ದಬ್ಬೆ ಕಟ್ಟಿಸಿಕೊಂಡು ಮರುದಿನವೇ ಬಂದಳು. ಒಂದು ಕೈಯಿಂದ ಸೇದಲಾಗದೆ ನಿಂತ ಅವಳನ್ನು ನೋಡಿ, ದೊಡ್ಡ ತರಗತಿಯ ಹುಡುಗಿಯರು ಬಾವಿಯ ಕಟ್ಟೆಗೆ ಹೊಟ್ಟೆ ಹಚ್ಚಿ, ಬಾಗಿ, ಬರಿಗೈಯಿಂದ ಹಗ್ಗ ಎಳೆಯತೊಡಗಿದರು. ಆ ಬಾವಿಯ ಆಳ ಹನ್ನೆರಡು ಆಳುದ್ದ. ಎರಡು ದಿನ ನಾನು ಪಾಠ ಬಿಟ್ಟು ಅವರ ಲಂಗದ ಚುಂಗು ಹಿಡಿದುಕೊಂಡು ನಿಂತೆ. ಮೂರನೆಯ ದಿನ ಗಡಿಗೆಪ್ಪನ ಹತ್ತಿರ ಹೋದೆ.

“ಕಬ್ಬಿಣ ಎಲ್ಲಿ ಅದರಿ ಅಕ್ಕೋರ?” ಎಂದ. ಆಮೇಲೆ ಗೋಡೆಯ ಮೇಲಿಂದ ಬಾವಿಯ ಕಡೆ ನೋಡಿದ. ಅಲ್ಲಿ ಒಬ್ಬ ಹುಡುಗಿ ಕಟ್ಟೆಯ ಮೇಲೆ ಒಂದು ಕಾಲಿಟ್ಟು ಹಗ್ಗ ಎಳೆಯುತ್ತಿದ್ದಳು. ಅವನು ಎದ್ದು ಹೋದ.

ಹೊಳೆಯ ದಾರಿಯಲ್ಲಿ, ಹಿಂದಿನ ವರ್ಷ ಸಪ್ಟೆಂಬರಿನ ಗದ್ದಲದಲ್ಲಿ ಯಾರೋ ಬಿಟ್ಟುಹೋದ ಲಾರಿಯೊಂದು ಬಿದ್ದಿತ್ತು. ಯಾರ ಕಡೆಯದೆಂದು ಇವತ್ತಿಗೂ ಯಾರಿಗೂ ತಿಳಿಯದು. ಗಾಲಿಗಳು ಹೋಗಿದ್ದವು, ಸೀಟಿನ ಹುಲ್ಲನ್ನು ದನ ತಿಂದಿದ್ದವು. ಅದರ ಅಡಿಯಿಂದ ಒಂದೂವರೆ ಮೊಳದ ಸರಳನ್ನು ಅವನು ಬಿಚ್ಚಿ ತಂದ. ಸಂಜೆಯೊಳಗೆ ರಾಟೆಗೆ ಹೊಸ ಅಚ್ಚು ಆಯಿತು. ಅದನ್ನು ಕೂಡಿಸಿ ಕೊಡ ಬಿಟ್ಟಾಗ, ಸದ್ದೇ ಇಲ್ಲದೆ ನೀರು ಮೇಲೆ ಬಂತು. ಏನು ಕೊಡಲಿ ಎಂದರೆ, “ಹುಡುಗೂರು ನೀರು ಕುಡೀಲಿ ಬಿಡ್ರಿ,” ಎಂದು ಹೊರಟುಹೋದ.

ಜೂನ್ ಎರಡನೆಯ ವಾರ ಸರಬರಾಯಿ ಇಲಾಖೆಯ ಇನ್ಸ್‌ಪೆಕ್ಟರರೊಬ್ಬರು ದೇವದುರ್ಗಕ್ಕೆ ಬಂದರು. ಬೇರೆ ಜಾಗವಿಲ್ಲದ್ದರಿಂದ ನಮ್ಮ ಶಾಲೆಯಲ್ಲೇ ಇಳಿದುಕೊಂಡರು. ಮರ್ಯಾದಸ್ಥರು. ಬಾವಿಯ ಕಟ್ಟೆಯ ಹತ್ತಿರ ಕುಬ್ರಾ ಬೇಗಂ ಕೊಟ್ಟ ನೀರು ಕುಡಿದು, ಹೊಳೆಯುತ್ತಿದ್ದ ಅಚ್ಚನ್ನು ನೋಡಿ ಕೇಳಿದರು: “ಅಚ್ಛಾ, ಇದು ಹೊಸಾದು ಕಾಣ್ತದ. ಯಾರು ಮಾಡ್ಯಾರ್ರಿ?”

ಮಾನ್ಯರೇ, ನಾನು ಹೇಳಿದೆ. ಅವರು ಒತ್ತಾಯಿಸಲಿಲ್ಲ, ಹೆದರಿಸಲಿಲ್ಲ. ನಾನೇ ಹೆಮ್ಮೆಯಿಂದ, “ನಮ್ಮ ಗಡಿಗೆಪ್ಪ ಮಾಡ್ಯಾನ್ರಿ. ದಿಲ್ಲಿ ಸಭಾದಾಗ ತೋರಿಸಿದ ಕುಡುಗೋಲು ಅವಂದೇ,” ಎಂದೆ. “ಕಬ್ಬಿಣ ಎಲ್ಲೀದು?” ಎಂದರು. “ಹೊಳೀ ದಾರ್ಯಾಗಿನ ಲಾರೀದು,” ಎಂದೆ. ಅವನ ಗುಣ ನೋಡಿ ಸಾಹೇಬರು ಮೆಚ್ಚುತ್ತಾರೆ, ಪರ್ಮಿಟ್ಟಿಗೆ ಒಂದು ಮಾತು ಹೇಳುತ್ತಾರೆ ಎಂದು ನಾನು ಎಣಿಸಿದ್ದೆ. ಅವರು ತಲೆಯಾಡಿಸಿದರು. ಪುಸ್ತಕ ತೆಗೆದು ಬರೆದುಕೊಂಡರು.

ಮರುದಿನ ಬೆಳಿಗ್ಗೆ ಪ್ರಾರ್ಥನೆಯ ಹೊತ್ತಿಗೆ ಗೋಡೆಯಾಚೆ ಗದ್ದಲ ಕೇಳಿಸಿತು. ನಾನು ಓಡಿದೆ. ಇಬ್ಬರು ಜವಾನರು ಕುಲುಮೆಯ ಕಬ್ಬಿಣದ ಸಾಮಾನನ್ನೆಲ್ಲ ಅಂಗಳದಲ್ಲಿ ಹರವಿದ್ದರು. ಇಕ್ಕಳ, ಸುತ್ತಿಗೆ, ಉಳಿ, ರಿಪೇರಿಗೆ ಬಂದಿದ್ದ ಎರಡು ನೇಗಿಲ ಕುಳ. ಪ್ರತಿಯೊಂದಕ್ಕೂ ರಸೀದಿ ಕೇಳುತ್ತಿದ್ದರು. ಕೊನೆಗೆ ಇನ್ಸ್‌ಪೆಕ್ಟರರು ಅಡಿಗಲ್ಲನ್ನು ಬೂಟಿನಿಂದ ಮುಟ್ಟಿ, “ಇದರದು?” ಎಂದರು.

“ಇದು ನಮ್ಮ ಮುತ್ಯಾಂದ್ರಿ.”

“ರಸೀದಿ?”

“ಸಾಹೇಬ್ರ, ನಮ್ಮ ಮುತ್ಯಾಗ ರಸೀದಿ ಯಾರು ಕೊಟ್ಟಿರ್ತಾರ್ರಿ? ನೀವೂ ಹುಟ್ಟಿದ್ದಿಲ್ಲ, ನಿಮ್ಮ ಕಚೇರೀನೂ ಹುಟ್ಟಿದ್ದಿಲ್ಲ.”

ಅವನು ಕುಚೋದ್ಯಕ್ಕೆ ಹೇಳಿದ್ದಲ್ಲ, ಇದ್ದದ್ದನ್ನು ಹೇಳಿದ. ಪಂಚನಾಮೆಯಲ್ಲಿ ‘ಪರವಾನಗಿಯಿಲ್ಲದ ಉಕ್ಕಿನ ದಿಮ್ಮಿ, ಒಂದು’ ಎಂದು ಬರೆದರು. ಅಡಿಗಲ್ಲನ್ನು ಎತ್ತಲು ನಾಲ್ಕು ಜನ ಬೇಕಾಯಿತು. ಅದು ನೆಟ್ಟಿದ್ದ ಜಾಗದಲ್ಲಿ ಒಂದು ಗುಂಡಿ ಉಳಿಯಿತು. ಬಾವಿಯ ಅಚ್ಚನ್ನೂ ಸಾಕ್ಷಿಗೆಂದು ಬಿಚ್ಚಿಕೊಂಡರು. ಗಡಿಗೆಪ್ಪನನ್ನು ಬಸ್ಸಿಗೆ ಹತ್ತಿಸುವಾಗ ಕಾಳಮ್ಮ ಅಳಲಿಲ್ಲ. ಬಸ್ಸು ಹೋದ ಮೇಲೆ ನನ್ನ ಹತ್ತಿರ ಬಂದು, ತಗ್ಗಿದ ದನಿಯಲ್ಲಿ ಕೇಳಿದಳು:

“ಅಕ್ಕೋರ, ನೀವು ಒಂದು ಸುಳ್ಳು ಹೇಳಿದ್ರ ಏನಾಕ್ಕಿತ್ತರಿ?”

ಅವಳ ಮಗಳು ನನ್ನ ಎರಡನೆಯ ತರಗತಿಯಲ್ಲಿ ಕೂರುತ್ತಿದ್ದಳು. ನಿಜ ಹೇಳಬೇಕು ಎಂದು ಆ ವಾರವಷ್ಟೇ ನಾನು ಆ ಮಕ್ಕಳ ಪಾಟಿಯ ಮೇಲೆ ಬರೆಸಿದ್ದೆ.

ಮೊಕದ್ದಮೆ ರಾಯಚೂರಿನಲ್ಲಿ ನಡೆಯಿತು. ನನ್ನ ಸೋದರಮಾವನ ಮಗ, ಮಾನ್ವಿಯ ವಕೀಲ ಪ್ರಾಣೇಶರಾಯ, ನನ್ನ ಮುಖ ನೋಡಿ ವಕಾಲತ್ತು ಹಿಡಿದ. ನಾನು ನಿಮಗೆ ತಂತಿ ಕಳಿಸಿದೆ: ‘ನೀವು ಮೆಚ್ಚಿದ ಕಮ್ಮಾರ ಬಂಧನದಲ್ಲಿದ್ದಾನೆ, ಒಂದು ಮಾತು ತಿಳಿಸಿ.’ ಸಾಕ್ಷಿಗೆ ನಿಂತಾಗ ನಿಮ್ಮ ಭಾಷಣದ ಪತ್ರಿಕೆಯನ್ನು ನ್ಯಾಯಾಧೀಶರ ಮುಂದಿಟ್ಟೆ. ಅವರು ಕನ್ನಡಕ ಏರಿಸಿ ಪೂರ್ತಿ ಓದಿದರು. ಓದಿ, ಮಡಚಿ, ವಾಪಸು ಕೊಟ್ಟರು.

“ಭಾಷಣ ಚಲೋ ಅದ ತಾಯಿ. ಆದರ ಇದು ಕಾನೂನಲ್ಲ. ಆ ಅಚ್ಚು ಲಾರಿ ಕಬ್ಬಿಣದಿಂದ ಮಾಡಿದ್ದು ಹೌದೋ ಅಲ್ಲೋ, ಅಷ್ಟು ಹೇಳ್ರಿ.”

ಕಟಕಟೆಯಲ್ಲಿ ನಿಂತ ಗಡಿಗೆಪ್ಪನನ್ನು ನೋಡಿದೆ. ಅವನು ನೆಲ ನೋಡುತ್ತಿದ್ದ. ‘ಹೌದು’ ಎಂದೆ. ಎರಡನೆಯ ಸಲವೂ ಅವನನ್ನು ನಾನೇ ಹಿಡಿದುಕೊಟ್ಟೆ. ಮೂರು ತಿಂಗಳ ಸಜೆಯಾಯಿತು. ಜಫ್ತಿಯಾದ ಮಾಲು ಸರಕಾರಕ್ಕೆ ಸೇರತಕ್ಕದ್ದು ಎಂದು ತೀರ್ಪು.

ನಿಮ್ಮ ಉತ್ತರ ಆಗಸ್ಟಿನಲ್ಲಿ ಬಂತು. ಅಚ್ಚು ಹಾಕಿಸಿದ ಒಂದು ಕಾರ್ಡು. ‘ದೇಶೀಯ ಉಕ್ಕಿನ ಉದ್ಯಮದ ಬಗ್ಗೆ ತಾವು ತೋರಿದ ಆಸಕ್ತಿಗಾಗಿ ಮಾನ್ಯ ಸದಸ್ಯರು ಆಭಾರಿಯಾಗಿದ್ದಾರೆ.’ ನನ್ನ ಹೆಸರನ್ನು ಮಾತ್ರ ಶಾಯಿಯಲ್ಲಿ ಬರೆದಿತ್ತು, ಅದೂ ತಪ್ಪಾಗಿ. ನೀವು ಕೆಟ್ಟವರೆಂದು ನಾನು ಹೇಳಲಾರೆ. ನನ್ನ ಕಾಗದಗಳು ನಿಮ್ಮ ಕಣ್ಣಿಗೇ ಬಿದ್ದಿರಲಿಕ್ಕಿಲ್ಲ. ಆದರೆ ಗೋಣಿಯ ಮೇಲೆ ಕೂತು ‘ನಾ ನೋಡ್ತೀನಿ’ ಎಂದವರು ನೀವು. ನಿಮ್ಮ ಬದಲು ನೋಡುವುದಕ್ಕೆ ಒಂದು ಅಚ್ಚುಮೊಳೆಯ ಕಾರ್ಡನ್ನು ನೇಮಿಸಿದ್ದೀರೆಂದು ಆ ಮನುಷ್ಯನಿಗೆ ಹೇಗೆ ತಿಳಿಯಬೇಕು?

ಅಕ್ಟೋಬರಿನಲ್ಲಿ ಅವನು ಬಿಡುಗಡೆಯಾಗಿ ಬಂದ. ಅಡಿಗಲ್ಲನ್ನು ಕೇಳಲು ಪ್ರಾಣೇಶರಾಯ ಅಷ್ಟರಲ್ಲೇ ಕಚೇರಿಗೆ ಹೋಗಿ ಬಂದಿದ್ದ. ಅದು ಸಪ್ಟೆಂಬರಿನಲ್ಲೇ ಮುರುಕು ಕಬ್ಬಿಣದ ವ್ಯಾಗನ್ನಿನಲ್ಲಿ ಕಾರಖಾನೆಗೆ ಹೋಗಿತ್ತು. ಹೇಳುವ ಕೆಲಸ ನನ್ನ ಪಾಲಿಗೆ ಬಂತು. ಗಡಿಗೆಪ್ಪ ಕೇಳಿ, ಕುಲುಮೆಯ ಗುಂಡಿಯ ಪಕ್ಕ ಕುಕ್ಕರಗಾಲಲ್ಲಿ ಕೂತು, ಅದರೊಳಗಿನ ಮಣ್ಣನ್ನು ಕೈಯಿಂದ ಸಮ ಮಾಡುತ್ತ ಇದ್ದ. ಆಮೇಲೆ ಹೊಳೆಯಿಂದ ಒಂದು ಕರೀ ಕಲ್ಲು ತಂದು ನೆಟ್ಟು ನೋಡಿದ. ನೆರೆಯವರಿಂದ ಕಡ ತಂದ ಸುತ್ತಿಗೆಯಿಂದ ಹತ್ತು ಪೆಟ್ಟು ಹಾಕುವಷ್ಟರಲ್ಲಿ ಕಲ್ಲು ಸೀಳಿತು. ದೀಪಾವಳಿಗೆ ಮುಂಚೆಯೇ ಮೂವರೂ ರಾಯಚೂರಿಗೆ ಹೋದರು. ಶಾಲೆಯ ಹಾಜರಿ ಪಟ್ಟಿಯಲ್ಲಿ ಆ ಹುಡುಗಿಯ ಹೆಸರಿಗೆ ಗೆರೆ ಎಳೆದದ್ದೂ ನನ್ನ ಕೈಯೇ.

ಕಳೆದ ತಿಂಗಳು ರಾಯಚೂರಿಗೆ ಹೋಗಿದ್ದೆ. ಸ್ಟೇಷನ್ನಿನ ಮಾಲಿನ ಶೆಡ್ಡಿನಲ್ಲಿ ಅವನು ಹಮಾಲಿ ಮಾಡುತ್ತಾನೆಂದು ಕೇಳಿ ಹುಡುಕಿಕೊಂಡು ಹೋದೆ. ವ್ಯಾಗನ್ನಿನಿಂದ ಉಕ್ಕಿನ ಸರಳುಗಳ ಕಟ್ಟು ಇಳಿಯುತ್ತಿತ್ತು. ಯಾವುದೋ ದೊಡ್ಡ ಕಟ್ಟಡದ ಗುತ್ತೇದಾರರ ಮಾಲು. ಹೆಗಲಿಗೆ ಗೋಣಿ ಮಡಚಿ ಹಾಕಿಕೊಂಡು, ನಾಲ್ವರಲ್ಲಿ ಒಬ್ಬನಾಗಿ ಅವನು ಹೊರುತ್ತಿದ್ದ. ನನ್ನನ್ನು ನೋಡಿ ಕಟ್ಟು ಇಳಿಸಿ ಬಂದ. ನಾನು, “ಗಡಿಗೆಪ್ಪಾ, ನನ್ನಿಂದ ನಿನಗ ಹಿಂಗಾತು,” ಎಂದೆ.

“ಬಿಡ್ರಿ ಅಕ್ಕೋರ. ಹುಡುಗೂರಿಗೆ ಏನ್ ಕಲಿಸ್ತೀರಿ ಅದನ್ನ ಮಾಡೀರಿ. ನೀವು ಸುಳ್ಳು ಹೇಳಿದ್ರ ನನಗ ಮನಸಿಗೆ ಬರ್ತಿದ್ದಿಲ್ಲ.”

“ಕಾಳಮ್ಮ?”

“ಆಕಿ ಇನ್ನಾ ಸಿಟ್ಟಿನಾಗ ಅದಾಳ್ರಿ. ಮನೀಗೆ ಬ್ಯಾಡ್ರಿ ಈಗ.”

ಆಮೇಲೆ ಅವನು ತಿರುಗಿ, ಕೆಳಗಿಟ್ಟ ಕಟ್ಟಿನಿಂದ ಹೊರಚಾಚಿದ್ದ ಒಂದು ಸರಳನ್ನು ಗೆಣ್ಣಿನಿಂದ ಬಡಿದು, ಕಿವಿಯಿಟ್ಟು ಕೇಳಿದ. ಮುಖ ಒಂದು ಗಳಿಗೆ ಹಳೆಯ ಗಡಿಗೆಪ್ಪನದಾಯಿತು.

“ಚಲೋ ಮಾಲ್ ಅದರಿ ಅಕ್ಕೋರ. ನಮ್ಮ ದೇಶದ್ದೇ ಅಂತ. ಇಂಥಾದ್ದು ನನ್ನ ಜನ್ಮದಾಗ ಕೈಯಾಗ ಹಿಡಿದಿದ್ದಿಲ್ಲ.” ಅಂಗೈ ಬಿಚ್ಚಿ ತೋರಿಸಿದ. “ಈಗ ದಿನಾ ಹೊರಾಕತ್ತೀನಿ. ಆದರ ಕೈ ಮರಿಯಾಕತ್ತದರಿ. ಮೊನ್ನಿ ಕನಸಿನಾಗ ಕುಳ ಬಡಿಯಾಕ ಕುಂತೆ, ಎಲ್ಲಿಂದ ಸುರು ಮಾಡ್ಬೇಕು ತಿಳೀಲಿಲ್ಲ.”

ಹಮಾಲರ ಮುಕಾದಮ ಕೂಗಿದ. ಅವನು ಗೋಣಿ ಸರಿಮಾಡಿಕೊಂಡು ಹೋದ. ನಾನು ಅಲ್ಲೇ ನಿಂತಿದ್ದೆ. ದೇಶದ ಉಕ್ಕು ಇಂಥ ಕೈಗಳಿಗೆ ಸಿಗಬೇಕೆಂದು ನೀವು ಕೇಳಿದ್ದು ಸಿಕ್ಕಿದೆ, ಮಾನ್ಯರೇ. ಹೆಗಲಿನ ಮೇಲೆ.

ಈಗ ನನ್ನ ಬೇಡಿಕೆ. ದಯೆಯ ಮಾತು ಬೇಡ, ಇನ್ನೊಂದು ಕಾರ್ಡು ಬೇಡ. ಬರುವ ಅಧಿವೇಶನದಲ್ಲಿ ಉಕ್ಕಿನ ವಿಷಯ ಮತ್ತೆ ಬರುತ್ತದೆಂದು ಓದಿದ್ದೇನೆ. ಅಂದು ನೀವು ಎದ್ದುನಿಂತು, ಕಬ್ಬಿಣ ಹಂಚುವ ಯಾದಿಯಲ್ಲಿ ಕಮ್ಮಾರ ಎಂಬ ಒಂದು ಸಾಲನ್ನು ಸೇರಿಸಲು ಕೇಳಬೇಕು. ಒಂದು ತಾಲೂಕಿಗೆ ಒಂದು ಬಂಡಿ ಕಬ್ಬಿಣ ಕೊಟ್ಟರೆ ಯಾವ ಕಾರಖಾನೆಯೂ ಮುಳುಗುವುದಿಲ್ಲ. ಯಾವ ಸಲಕರಣೆಯಿಂದ ಒಬ್ಬರ ಬದುಕು ನಡೆಯುವುದೋ ಅದನ್ನು ಜಫ್ತಿ ಮಾಡಬಾರದೆಂಬ ಮಾತು ಕಾನೂನಿನೊಳಗೆ ಬರಬೇಕು. ಮತ್ತು ಒಂದು ಅಡಿಗಲ್ಲು ಬೇಕು. ಹೋದದ್ದು ಕರಗಿ ಏನಾಯಿತೋ, ಸರಳಾಯಿತೋ ತೊಲೆಯಾಯಿತೋ, ಅದನ್ನು ತಿರುಗಿ ತರಲು ನಿಮ್ಮಿಂದಲೂ ಆಗದೆಂದು ಬಲ್ಲೆ. ಹೊಸದು ಕಳಿಸಿರಿ. ದೇಶೀಯ ಉಕ್ಕಿನದೇ ಇರಲಿ.

ಬೇಗ ಕಳಿಸಿರಿ. ಕಾರಖಾನೆಗೆ ನೀವು ಹತ್ತು ವರ್ಷದ ಅವಧಿ ಕೇಳಿದ್ದೀರಿ. ಅದಕ್ಕೆ ಅಷ್ಟು ಬೇಕಾಗಬಹುದು. ಐವತ್ತು ದಾಟಿದ ಮನುಷ್ಯನ ಕೈಗೆ ಅಷ್ಟು ಪುರಸತ್ತಿಲ್ಲ.

ಇಂತಿ,
ಕೇಳಿದವರಿಗೆಲ್ಲ ನಿಜವನ್ನೇ ಹೇಳಿ, ಒಂದು ಕುಲುಮೆಯ ಬೆಂಕಿ ಆರಿಸಿದವಳು,
ಕಾವೇರಿಬಾಯಿ
ಹೆಣ್ಣುಮಕ್ಕಳ ಶಾಲೆ, ದೇವದುರ್ಗ
ಡಿಸೆಂಬರ್ ೧೯೪೯